ಒಳಗೆ ಅಳದ ಮನೆ

ನಮ್ಮೂರಲ್ಲಿ ಈರುಳ್ಳಿಯನ್ನು ಹೊಸ್ತಿಲ ಆಚೆ ಕೂತು ಹೆಚ್ಚುತ್ತಾರೆ. ಉರಿಗಾಲವಾದರೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಕೊರೆಗಾಲವಾದರೆ ಮೈತುಂಬ ಕಂಬಳಿ ಹೊದ್ದುಕೊಂಡು. ಹೆಚ್ಚಿ ಮುಗಿದ ಮೇಲೆ ಮುಖ ತೊಳೆದು, ಸೆರಗಿನಲ್ಲಿ ಕಣ್ಣೊರೆಸಿ, ಎರಡು ಸಲ ರೆಪ್ಪೆ ಬಡಿದು, ನೀರು ನಿಂತಿದೆ ಎಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತಾರೆ. ಒಲೆಯೂ ಹೊರಗಿನ ಚಪ್ಪರದಲ್ಲೇ. ಹೊಗೆ ಒಳಗೆ ಬರಬಾರದು. ಮದುವೆಯಾದ ಹೆಣ್ಣನ್ನು ಬೀದಿಯಲ್ಲಿ ನಿಲ್ಲಿಸಿ ಕಳಿಸಿಕೊಡುತ್ತಾರೆ. ಯಾರಾದರೂ ಸತ್ತರೆ ಉಸಿರು ನಿಂತ ಗಳಿಗೆಯಲ್ಲೇ ಅಂಗಳಕ್ಕೆ ಎತ್ತಿ ತರುತ್ತಾರೆ. ನಗು ಜಾಸ್ತಿಯಾದರೂ ಅಷ್ಟೇ, ಎದ್ದು ಓಡಬೇಕು. ಪಕ್ಕದ ಮನೆಯ ದ್ಯಾವಮ್ಮ ಹಾಗೆ ನಗುತ್ತ ಓಡಿದವಳು ಬಾಗಿಲಿನ ಚೌಕಟ್ಟಿಗೆ ಬಡಿಸಿಕೊಂಡು ಮುಂದಿನ ಹಲ್ಲು ಮುರಿದುಕೊಂಡಳು. ಆ ನೋವನ್ನೂ ಬಾಯಲ್ಲಿ ಸೆರಗು ಕಚ್ಚಿ ಹಿಡಿದು, ಬೀದಿ ಮುಟ್ಟಿದ ಮೇಲೆಯೇ ಅತ್ತಳಂತೆ.

ಅಳುವುದಕ್ಕೆ ಪ್ರತಿ ಬೀದಿಯ ಕೊನೆಯಲ್ಲಿ ಒಂದು ಅಳುಕಟ್ಟೆ ಇದೆ. ಮೂರು ಕಡೆ ಎದೆಯೆತ್ತರದ ಕಲ್ಲುಗೋಡೆ, ನಡುವೆ ಕೂತು ಕೂತು ನುಣುಪಾದ ಚಪ್ಪಡಿ. ಯಾರಾದರೂ ಕಂಬಳಿ ಹೊದ್ದು ಆ ಕಡೆ ಹೊರಟರೆ ಎದುರು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಏನಾಯಿತು ಎಂದು ಕೇಳುವುದು ವಾಪಸು ಬರುವಾಗ.

ನಮಗಿರುವುದು ಎರಡೇ ಕಾಲ. ಉರಿಗಾಲದಲ್ಲಿ ಬಾವಿಯಿಂದ ಸೇದಿದ ನೀರು ಕೈ ಸುಡುತ್ತದೆ. ಕೊರೆಗಾಲದಲ್ಲಿ ಹಾರುತ್ತಿದ್ದ ಹಕ್ಕಿ ಕಲ್ಲಿನ ಹಾಗೆ ಬಂದು ಬೀಳುತ್ತದೆ. ಆಗ ಊರಿಂದೂರಿಗೆ ದಾರಿಯೂ ಇರುವುದಿಲ್ಲ. ಮನೆಮನೆಯ ಗೋಡೆಯಲ್ಲಿ ಒಂದೊಂದು ಪೆಟ್ಟಿಗೆ ಇರುವುದರಿಂದಲೇ ನಾವು ಬದುಕಿರುವುದು. ಉರಿಗಾಲದಲ್ಲಿ ಅದು ತಣ್ಣನೆ ಗಾಳಿ ಬಿಡುತ್ತದೆ, ಕೊರೆಗಾಲದಲ್ಲಿ ಬೆಚ್ಚನೆ ಗಾಳಿ. ಅದರ ಹೊರಗಿನ ಜಾಲರಿಯನ್ನು ಕಂಪನಿಯವರು ವರ್ಷಕ್ಕೊಮ್ಮೆ ಬಂದು ತೊಳೆದು, ಕಾರ್ಡಿನ ಮೇಲೆ ಮೊಹರು ಒತ್ತಿ ಹೋಗುತ್ತಾರೆ. ಒಳಗಿನ ತಗಡನ್ನು ತೆರೆಯುವುದು ಪೆಟ್ಟಿಗೆ ಕೆಟ್ಟಾಗ ಮಾತ್ರ, ಅದೂ ಅವರ ಬೀಗದ ಕೈಯಿಂದ. ಅದರೊಳಗೆ ಒಂದು ಬಿಳಿ ಪಟ್ಟಿ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ವರ್ಷಕ್ಕೆ ಒಂದು ಗೇಣಿನಷ್ಟು ಅದು ತನ್ನಷ್ಟಕ್ಕೆ ಸರಿಯುತ್ತದೆ. ಮನೆಯ ನಾಲ್ಕು ಗೋಡೆಯ ನಡುವೆ ಯಾರ ಕಣ್ಣಲ್ಲಿ ನೀರು ಬಂದರೂ ಪಟ್ಟಿಯ ಮೇಲೆ ಆ ದಿನದ ಜಾಗದಲ್ಲಿ ನೀಲಿ ಬೀಳುತ್ತದೆ. ಪಟ್ಟಿ ಬಿಳಿಯಿದ್ದರೆ ಎಷ್ಟು ವರ್ಷವಾದರೂ ಗ್ಯಾರಂಟಿ ಉಂಟು, ಹೋದ ಭಾಗವನ್ನು ತೆಗೆದು ಹೊಸದು ಹಾಕಿ ಕೊಡುತ್ತಾರೆ. ನೀಲಿ ಕಂಡರೆ ತಗಡು ಮುಚ್ಚಿ ಹೊರಟುಹೋಗುತ್ತಾರೆ. ಗಾಣಿಗರ ಬೀದಿಯಲ್ಲಿ ಹಾಗೆ ಒಂದು ಮನೆಯ ಪೆಟ್ಟಿಗೆಯನ್ನು ಉರಿಗಾಲದ ನಡುವೆ ಬಿಟ್ಟುಹೋದರು. ಆ ಮನೆಯ ಗೋಡೆಗಳು ಈಗಲೂ ನಿಂತಿವೆ.

ನಮ್ಮ ಕಾರ್ಡು ದೇವರ ಗೂಡಿನಲ್ಲಿತ್ತು, ಪ್ಲಾಸ್ಟಿಕ್ ಚೀಲದೊಳಗೆ, ಮೇಲೊಂದು ಕುಂಕುಮದ ಬೊಟ್ಟು. ಅದರ ಹಿಂಬದಿಯಲ್ಲಿ ಮೂವತ್ತೊಂದು ಷರತ್ತುಗಳಿದ್ದವು. ಇರುವೆ ಸಾಲಿನಂಥ ಅಕ್ಷರ. ನಮ್ಮ ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ, ಪೂಜೆ ಮಾಡುತ್ತಿದ್ದೆವು.

ನನ್ನನ್ನು ಬೆಳೆಸಿದವಳು ಅಜ್ಜಿ, ಅಪ್ಪನ ತಾಯಿ. ಅವಳ ಕಥೆಗಳಿಗೆ ಕೊನೆ ಇರುತ್ತಿರಲಿಲ್ಲ. ಕೊನೆಗೆ ಬಂದರೆ ಯಾರಾದರೂ ಸಾಯುತ್ತಾರೆ ಇಲ್ಲವೇ ಸಿಗುತ್ತಾರೆ, ಎರಡಕ್ಕೂ ಮಗುವಿನ ಕಣ್ಣು ತುಂಬುತ್ತದೆ ಎಂದು ಅವಳು ಕಥೆಯನ್ನು ಮೊದಲೇ ನಿಲ್ಲಿಸಿಬಿಡುತ್ತಿದ್ದಳು. ಮಿಕ್ಕಿದ್ದು ಕಟ್ಟೆ ಮೇಲೆ ಹೇಳ್ತೀನಿ ಮಲಕ್ಕೋ ಎನ್ನುವಳು. ಕಟ್ಟೆಗೆ ಹೋದಾಗ ಯಾರಿಗೆ ಕಥೆ ಬೇಕು? ಹೀಗೆ ನನ್ನ ತಲೆಯೊಳಗೆ ನೂರಾರು ಜನ ಕಾಡಿನ ನಡುವೆ, ಹೊಳೆಯ ನಡುವೆ, ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟಿದ್ದಾರೆ. ಕೆಲಸ ಮಾಡುತ್ತ ಮಾಡುತ್ತ ನಾನು ಅವರ ಹತ್ತಿರ ಹೋಗಿ ನಿಲ್ಲುತ್ತೇನೆ. ಆಗ ಅವ್ವ ತಲೆಗೆ ಮೊಟಕಿ, ಸಾರು ಉಕ್ಕುತ್ತಿದೆ ನೋಡು ಎಂದು ಎಚ್ಚರಿಸುತ್ತಾಳೆ.

ಅಂಥ ಕಥೆಗಳಲ್ಲಿ ಏಳು ಬಾಗಿಲ ಅರಮನೆಯದು ಒಂದು. ತಮ್ಮನನ್ನು ಹುಡುಕಿಕೊಂಡು ಒಬ್ಬ ಹುಡುಗಿ ಅರಮನೆಗೆ ಬರುತ್ತಾಳೆ. ಮೊದಲನೇ ಬಾಗಿಲಲ್ಲಿ ಚೆಲ್ಲಿದ ಸಾಸಿವೆ ಆರಿಸುತ್ತಾಳೆ, ಎರಡನೆಯದರಲ್ಲಿ ಸೂಜಿಯ ಹಾಸಿನ ಮೇಲೆ ನಡೆಯುತ್ತಾಳೆ, ಹೀಗೆ ಆರು ಬಾಗಿಲು ದಾಟುತ್ತಾಳೆ. ಏಳನೇ ಬಾಗಿಲಿಗೆ ಒಬ್ಬ ಮುದುಕಿ ಕಾವಲು ಕೂತಿದ್ದಾಳೆ, ಒಳಗಿನಿಂದ ತಮ್ಮ ಕರೆಯುತ್ತಿದ್ದಾನೆ. ಅಲ್ಲಿಗೆ ಅಜ್ಜಿ ದೀಪ ಸಣ್ಣಗೆ ಮಾಡುತ್ತಿದ್ದಳು.

ಇನ್ನೊಂದು ನಮ್ಮದೇ ಮನೆಯ ಕಥೆ. ಪೆಟ್ಟಿಗೆ ಬರುವ ಮುಂಚೆ ಉರಿಗಾಲ ಪೂರ್ತಿ ನೆಲಮಾಳಿಗೆಯಲ್ಲಿ ಒದ್ದೆ ಗೋಣಿಯ ಮೇಲೆ ಮಲಗುತ್ತಿದ್ದದ್ದು, ತಾತ ಹೋದದ್ದು, ಅಪ್ಪನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳು ಹೋದದ್ದು, ಆಮೇಲೆ ಅವ್ವ ಸೊಸೆಯಾಗಿ ಬಂದ ವರ್ಷ ಕಂಪನಿಯವನು ಪೆಟ್ಟಿಗೆ ಹೊತ್ತು ತಂದದ್ದು. ಅವನು ಗೋಡೆ ಕೊರೆದು ಅದನ್ನು ಕೂರಿಸಿ ಗುಂಡಿ ಒತ್ತಿದ. ತಣ್ಣನೆ ಗಾಳಿ ಬಂದು ಅಜ್ಜಿಯ ಮುಖಕ್ಕೆ ತಾಗಿತು. ಈ ಕಥೆಯನ್ನೂ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಇದಕ್ಕೆ ಮುಂದೇನೂ ಇಲ್ಲ, ಇದೊಂದೇ ಪೂರ್ತಿಯಾದ ಕಥೆ ಎಂದುಕೊಂಡಿದ್ದೆ ನಾನು.

ಅಕ್ಕ ಇಂದ್ರಾಣಿ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದ ವರ್ಷ ಕೊರೆಗಾಲ ಬೇಗ ಇಳಿಯಿತು. ಗಂಡು ಕೂಸು. ಹುಟ್ಟಿದ ಕೂಸು ಎಷ್ಟೇ ಅತ್ತರೂ ಮೊದಲ ಕೆಲವು ವಾರ ಕಣ್ಣಲ್ಲಿ ನೀರು ಬರುವುದಿಲ್ಲ. ಆ ದಿನಗಳಿಗೆ ನಮ್ಮಲ್ಲಿ ಒಣ ಅಳು ಎನ್ನುತ್ತಾರೆ. ಒಣ ಅಳು ಇರುವ ತನಕ ತಾಯಂದಿರಿಗೆ ಸುಖ. ಮೊದಲ ಹನಿ ಕಂಡ ದಿನ ಕೂಸನ್ನು ಕಟ್ಟೆಗೆ ಒಯ್ದು ಅಲ್ಲೇ ಹೆಸರಿಡುತ್ತಾರೆ. ಆವತ್ತಿನಿಂದ ಕೂಸು ಅತ್ತಾಗಲೆಲ್ಲ ಹೊರಗೆ ಎತ್ತಿಕೊಂಡು ಓಡಬೇಕು, ಸುಮ್ಮನಾಗುವ ತನಕ ಹೊರಗೇ ನಿಲ್ಲಬೇಕು. ದೊಡ್ಡವರು ಕಟ್ಟೆಯ ಮೇಲೆ ಬೇಗ ಅತ್ತು ಮುಗಿಸಿ ಬರುತ್ತಾರೆ. ಕೂಸಿಗೆ ಬೇಗ ಎಂದರೆ ಏನು ಗೊತ್ತು?

ನನಗೂ ಒಬ್ಬ ತಮ್ಮನಿದ್ದ. ನನಗೆ ಮೂರು ವರ್ಷವಾಗಿದ್ದಾಗ ಹುಟ್ಟಿದವನು. ಕೊರೆಗಾಲದಲ್ಲಿ ಅವನಿಗೆ ಕಣ್ಣೀರು ಬಂತು, ಮೂರನೆಯ ಬೆಳಿಗ್ಗೆ ಅವ್ವ ಕಟ್ಟೆಯಿಂದ ಬಂದಾಗ ಅವನು ಸುಮ್ಮನಾಗಿದ್ದ. ಅವ್ವ ಬಾಗಿಲ ಹೊರಗೇ ನಿಂತಿದ್ದಳಂತೆ, ಒಳಗೆ ಬರಲಾರದೆ. ಅವನ ಹೆಸರನ್ನು ನಮ್ಮ ಮನೆಯೊಳಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಪಟ್ಟಿಗೆ ತೊಂದರೆ. ನಂಜುಂಡ ಎನ್ನುವ ಹೆಸರನ್ನು ನಾನು ಕೇಳಿದ್ದು ಹತ್ತು ವರ್ಷದವಳಾದಾಗ, ಅಪ್ಪ ತೀರಿಕೊಂಡ ದಿನ, ಕಟ್ಟೆಯ ಮೇಲೆ. ಅಪ್ಪನಿಗಾಗಿ ಅಳುತ್ತಿದ್ದ ಅವ್ವ ನಡುವೆ ಅವನ ಹೆಸರನ್ನೂ ಸೇರಿಸಿಕೊಂಡಳು.

ಅಕ್ಕನ ಕೂಸಿಗೆ ಎರಡು ತಿಂಗಳು ತುಂಬಿದ ವಾರ ನಮ್ಮ ಪೆಟ್ಟಿಗೆಯ ಉಸಿರು ಅರ್ಧವಾಯಿತು. ಗುಂಡಿ ತಿರುವಿದರೆ ಒಳಗೆ ಏನೋ ಕೆರೆದ ಸದ್ದು, ಆಮೇಲೆ ಉಗುರು ಬೆಚ್ಚಗಿನ ಗಾಳಿ. ಕುಡಿಯುವ ನೀರಿನ ಮೇಲೆ ಬೆಳಿಗ್ಗೆ ತೆಳುವಾದ ಕೆನೆಯಂತೆ ಹಿಮ ಕಟ್ಟತೊಡಗಿತು. ಅವ್ವ ಊರೊಳಗಿನ ಕಂಪನಿ ಕಚೇರಿಗೆ ಹೇಳಿಕಳಿಸಿದಳು. ಒಂಬತ್ತು ದಿನಕ್ಕೆ ಬರುತ್ತೇವೆ, ಅಲ್ಲಿಯ ತನಕ ಒಳಗೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ ಎಂದು ಜವಾಬು ಬಂತು.

ಆ ಒಂಬತ್ತು ದಿನ ನಾವು ನಾಲ್ಕು ಹೆಂಗಸರು ಒಂದು ಕೂಸಿನ ಎರಡು ಕಣ್ಣು ನೋಡಿಕೊಂಡು ಕಾಲ ಕಳೆದೆವು. ಅವನು ಬಾಯಿ ತೆರೆದರೆ ಸಾಕು, ಅಕ್ಕ ಹಾಲು ಕೊಡುವಳು, ಅವ್ವ ಗಿಲಕಿ ಆಡಿಸುವಳು, ಅಜ್ಜಿ ನಾಲಗೆಯಲ್ಲಿ ಕುದುರೆ ಓಡಿಸುವಳು. ನಾನು ಕೊನೆಯಿಲ್ಲದ ಕಥೆಗಳನ್ನು ಹೇಳುತ್ತಿದ್ದೆ. ಆದರೂ ಅಳುತ್ತಿದ್ದ. ಅತ್ತಾಗ ಅಕ್ಕ ತನ್ನ ಕಿರುಬೆರಳಿನ ತುದಿಯಿಂದ ಅವನ ಕಣ್ಣಂಚನ್ನು ಮುಟ್ಟಿ, ಬೆರಳನ್ನು ತನ್ನ ತುಟಿಗೆ ತಾಗಿಸಿ ನೋಡುವಳು. ಉಪ್ಪಿಲ್ಲ ಎನ್ನುವಳು. ಕೂಸನ್ನು ಒಂದೆರಡು ದಿನ ಇಟ್ಟುಕೊಳ್ಳುತ್ತೀರಾ ಎಂದು ಪಕ್ಕದ ಮನೆಗೆ ನಾನೇ ಹೋಗಿ ಕೇಳಿದೆ. ದ್ಯಾವಮ್ಮ ನನ್ನ ಮುಖ ನೋಡದೆ, ಹೊಸ ಕಣ್ಣಿನ ಕೂಸನ್ನು ನಂಬುವುದು ಹೇಗೆ, ತನ್ನ ಮನೆಯಲ್ಲೂ ಮುದುಕರಿದ್ದಾರೆ ಎಂದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಎಂಟನೆಯ ದಿನ ಅವನ ಕಣ್ಣುಗಳಲ್ಲಿ ಒಂದು ಹೊಳಪು ಬಂದಿತ್ತು. ಅಕ್ಕ ಬೆರಳು ತಾಗಿಸಿ ನೋಡಿದಳು, ಇನ್ನೊಮ್ಮೆ ತಾಗಿಸಿ ನೋಡಿದಳು. ಅವ್ವ ಗೂಟದಿಂದ ದಪ್ಪ ಕಂಬಳಿ ತೆಗೆದು ಬಾಗಿಲ ಬಳಿ ಮಡಿಸಿಟ್ಟಳು.

"ನಾನು ಹೊರಗೆ ತಗೊಂಡು ಹೋಗಲ್ಲ ಅವ್ವ" ಎಂದಳು ಅಕ್ಕ.

"ಹೋಗ್ಬೇಕಾಗ್ತದೆ."

"ಹೋಗಲ್ಲ."

ಅವ್ವ ಮಡಿಸಿದ ಕಂಬಳಿಯನ್ನೇ ಇನ್ನೊಮ್ಮೆ ಬಿಡಿಸಿ ಮಡಿಸಿದಳು. "ನಾನು ಹೋಗಿಲ್ವಾ?" ಎಂದಳು.

ಮೂಲೆಯಲ್ಲಿದ್ದ ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನದ ಹೊತ್ತು, ಅವಳು ಮಲಗುವ ಸಮಯವಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಕಂಪನಿಯ ಬೋರಲಿಂಗಯ್ಯ ಬಂದ. ಸಣಕಲು ಮನುಷ್ಯ, ಒಂದರ ಮೇಲೊಂದು ಎರಡು ಮಂಗನ ಟೋಪಿ ಹಾಕಿದ್ದ. ಬಂದವನೇ ಅವ್ವ ಕೊಟ್ಟ ಕಾರ್ಡನ್ನು ಕಣ್ಣಿಗೊತ್ತಿಕೊಂಡು ಮೊಹರುಗಳನ್ನು ಬೆರಳಿಟ್ಟು ನೋಡುತ್ತ ಹೋದ. ಇಪ್ಪತ್ತೇಳು ವರ್ಷ, ಒಂದೂ ತಪ್ಪಿಲ್ಲ, ಹೀಗೆ ಇಟ್ಟುಕೊಂಡವರು ಈ ಊರಲ್ಲಿ ಕಮ್ಮಿ ಎಂದ. ಅವ್ವನ ಮುಖದಲ್ಲಿ ನಾನು ಎಂದೂ ನೋಡದ ಒಂದು ಕಳೆ ಬಂತು. ಅವನು ಜಾಲರಿ ಬಿಚ್ಚಿ, ಕಿವಿಯಿಟ್ಟು ಕೇಳಿ, ಒಳಗಿನ ತಾಮ್ರದ ಸುರುಳಿ ಹೋಗಿದೆ ಎಂದ. ಬಹಳ ಮನೆಗಳಲ್ಲಿ ಹೋಗುವುದು ಅದೇ, ಅದಕ್ಕೇ ಒಂದನ್ನು ಜೊತೆಗೇ ತಂದಿದ್ದೇನೆ ಎನ್ನುತ್ತ ಚೀಲದಿಂದ ಹೊಸ ಸುರುಳಿಯನ್ನು ತೆಗೆದು ಒಂದು ಬಟ್ಟೆ ಹಾಸಿ ನೆಲದ ಮೇಲಿಟ್ಟ. ಅದು ಹೊಸ ಬಳೆಗಳ ಕಟ್ಟಿನ ಹಾಗೆ ಹೊಳೆಯುತ್ತಿತ್ತು. ಕೂಸು ಅದನ್ನೇ ನೋಡುತ್ತಿತ್ತು.

ಬೀಗದ ಕೈ ತಿರುವಿ ಒಳಗಿನ ತಗಡು ತೆಗೆದ. ಪಟ್ಟಿಯ ಸುರುಳಿಯನ್ನು ಮೆಲ್ಲಗೆ ಬಿಚ್ಚಿ ತುದಿಯನ್ನು ನನ್ನ ಕೈಗೆ ಕೊಟ್ಟು, ಹಿಡಿದುಕೊಂಡು ಹಿಂದೆ ಹಿಂದೆ ನಡೆಯಮ್ಮ ಎಂದ. ನಾನು ಹಿಡಿದುಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟೆ. ಪಟ್ಟಿ ಉದ್ದಕ್ಕೆ ಬರುತ್ತ ಹೋಯಿತು, ಹಾಲಿನ ಹಾಗೆ ಬಿಳಿ, ಅಂಚಿನಲ್ಲಿ ವರ್ಷದ ಅಂಕಿಗಳು. ಈ ವರ್ಷ ಬಿಳಿ. ಅಕ್ಕನ ಮದುವೆಯಾದ ವರ್ಷ ಬಿಳಿ. ಅಪ್ಪ ಸತ್ತ ವರ್ಷ ಬಂದಾಗ ಅವ್ವ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಅದೂ ಬಿಳಿಯೇ. ಇನ್ನು ಕೆಲವು ಹೆಜ್ಜೆ. ತಮ್ಮನ ವರ್ಷ ಬಂತು. ಅವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಒಂದು ಚುಕ್ಕೆಯೂ ಇರಲಿಲ್ಲ. ಅವಳು ಆ ಬಿಳಿಯ ಮೇಲೆ ಬೆರಳು ಆಡಿಸಿದಳು, ತೊಳೆದ ಪಾತ್ರೆಯನ್ನು ಮುಟ್ಟಿ ನೋಡುವ ಹಾಗೆ. ನನ್ನ ಬೆನ್ನು ಎದುರು ಗೋಡೆಗೆ ತಾಗಿತು. ಅಷ್ಟಕ್ಕೆ ಪಟ್ಟಿ ಮುಗಿಯಿತು. ಬೋರಲಿಂಗಯ್ಯನ ಕೈಯಲ್ಲಿದ್ದ ತುದಿಯಲ್ಲಿ, ಮೊದಲ ವರ್ಷದ ಅಂಕಿಗಿಂತಲೂ ಮುಂಚೆ, ಹೆಸರುಕಾಳಿನಷ್ಟು ನೀಲಿ ಇತ್ತು.

ಅವನು ಟೋಪಿ ಸರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಇನ್ನೊಮ್ಮೆ ನೋಡಿದ. ಪೆಟ್ಟಿಗೆ ಕೂರಿಸಿದ ದಿನದ್ದು, ಒಂದೇ ಒಂದು ಹನಿ ಎಂದ.

ಅವ್ವ ತಾನಲ್ಲ ಎಂದಳು. ಆವತ್ತು ತಾನು ಹೊರಗೆ ಚಪ್ಪರದಲ್ಲಿ ಅಡಿಗೆ ಮಾಡುತ್ತಿದ್ದೆ, ಅಪ್ಪ ಬಾವಿಗೆ ಹೋಗಿದ್ದರು ಎಂದಳು. ಆಗ ಮೂಲೆಯಿಂದ ಅಜ್ಜಿಯ ದನಿ ಬಂತು.

"ಅದು ಹೆಬ್ಬೆಟ್ಟು ಒತ್ತೋಕೆ ಮುಂಚೆ ಸ್ವಾಮಿ. ಗಾಳಿ ಮುಖಕ್ಕೆ ಬಂತು ನೋಡಿ, ಆವಾಗ. ಅವನಿನ್ನೂ ಕಾರ್ಡ್ ಬರೀತಾ ಇದ್ದ. ಮೊಹರೂ ಬಿದ್ದಿರ್ಲಿಲ್ಲ, ಹೆಬ್ಬೆಟ್ಟೂ ಬಿದ್ದಿರ್ಲಿಲ್ಲ. ಅದು ಲೆಕ್ಕಕ್ಕೆ ಬರಲ್ಲ ಅಂದ್ಕೊಂಡೆ. ಸಂತೋಷಕ್ಕೆ ಬಂದದ್ದು ಸ್ವಾಮಿ, ದುಃಖಕ್ಕಲ್ಲ."

ಬೋರಲಿಂಗಯ್ಯ ಕಾರ್ಡನ್ನು ತಿರುಗಿಸಿ ಇರುವೆ ಸಾಲಿನಲ್ಲಿ ಹತ್ತೊಂಬತ್ತನೆಯ ಷರತ್ತನ್ನು ಹುಡುಕಿ ತೆಗೆದ. "ಹೆಬ್ಬೆಟ್ಟಿಂದ ಅಲ್ಲಜ್ಜಿ" ಎಂದ. "ಮೊದಲ ಗಾಳಿ ಬಂದ ಗಳಿಗೆಯಿಂದ. ಯಾಕೆ ಅತ್ರಿ ಅಂತ ಇದರಲ್ಲಿ ಕೇಳಿಲ್ಲ."

"ಅಂದ್ರೆ ಇಪ್ಪತ್ತೇಳು ವರ್ಷದಿಂದ ನಮಗೆ ಗ್ಯಾರಂಟಿ ಇರ್ಲಿಲ್ವಾ?" ಅವ್ವ ಕೇಳಿದಳು.

"ಒಂದು ದಿನಾನೂ ಇರ್ಲಿಲ್ಲ ತಾಯಿ."

ಅವನು ಪಟ್ಟಿಯನ್ನು ಸುತ್ತಿ ಒಳಗಿಟ್ಟು ತಗಡು ಮುಚ್ಚಿದ. ನೆಲದ ಮೇಲಿದ್ದ ಹೊಸ ಸುರುಳಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅಕ್ಕ ಅವನ ಕಾಲು ಹಿಡಿಯಲು ಬಗ್ಗಿದಳು. ಅವನು ಹಿಂದೆ ಸರಿದು, ಅದನ್ನು ಇಲ್ಲಿ ಹಾಕಿದರೆ ನಾಳೆ ಬೆಳಿಗ್ಗೆ ತನ್ನ ಮನೆಯ ಪೆಟ್ಟಿಗೆ ಕಿತ್ತುಕೊಂಡು ಹೋಗುತ್ತಾರೆ, ತನಗೂ ಮಕ್ಕಳಿದ್ದಾರೆ ಎಂದ. ಮೂಲೆ ಕತ್ತರಿಸಿ ಕಾರ್ಡನ್ನು ಅವ್ವನ ಕೈಗೆ ಕೊಟ್ಟ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತ, ಯಾರ ಮುಖವನ್ನೂ ನೋಡದೆ, ಇನ್ನು ಮೇಲೆ ಒಳಗೇ ಬೆಂಕಿ ಹಾಕಿಕೊಳ್ಳಿ, ನಿಮ್ಮನ್ನು ತಡೆಯುವವರಿಲ್ಲ ಎಂದು ಹೇಳಿ ಹೋದ.

ಮನೆಯೊಳಗೆ ಪೆಟ್ಟಿಗೆ ಕೆರೆಯುವ ಸದ್ದು ಮಾತ್ರ ಉಳಿಯಿತು. ಅವ್ವ ಕಾರ್ಡನ್ನು ದೇವರ ಗೂಡಿನಲ್ಲಿ ಇಡಲು ಹೋಗಿ, ಅಲ್ಲಿ ನಿಂತು, ಮತ್ತೆ ತಿರುಗಿದಳು.

"ನಿಮಗೆ ಗೊತ್ತಿತ್ತಾ ಅತ್ತೆ?"

ಅಜ್ಜಿ ನನ್ನನ್ನು ಕರೆದಳು. "ಕುಮ್ಮಿ, ಆ ಏಳು ಬಾಗಿಲ ಕಥೆ ಎಲ್ಲಿಗೆ ನಿಲ್ಲಿಸಿದ್ದೆ?"

ಆರನೇ ಬಾಗಿಲು ದಾಟಿದ್ದಳು, ಏಳನೆಯದಕ್ಕೆ ಮುದುಕಿ ಕಾವಲಿದ್ದಳು ಎಂದೆ.

"ಹೂಂ. ಹುಡುಗಿ ಮುದುಕಿ ಹತ್ರ ಕೇಳಿದ್ಲು, ಬೀಗದ ಕೈ ಕೊಡು ಅಂತ. ತಡಿ ಮಗಾ, ಬರ್ತದೆ ಅಂದ್ಲು ಮುದುಕಿ. ಹುಡುಗಿ ಕೂತ್ಲು. ಒಳಗಿಂದ ತಮ್ಮ ಕರೀತಾ ಇದ್ದ. ಅವತ್ತು ಕರೆದ, ಮಾರನೇ ದಿನ ಕರೆದ. ಆಮೇಲೆ ಕರೀಲಿಲ್ಲ." ಅಜ್ಜಿ ತನ್ನ ಎರಡು ಅಂಗೈಯನ್ನೂ ಮಡಿಲಲ್ಲಿ ಬಿಡಿಸಿಟ್ಟುಕೊಂಡಿದ್ದಳು. "ಆ ಬಾಗಿಲಿಗೆ ಬೀಗಾನೇ ಇರ್ಲಿಲ್ಲ ಕಣೆ. ಮುದುಕಿಗೆ ಅನುಮಾನ ಇತ್ತು, ಮೊದಲಿಂದ್ಲೂ ಇತ್ತು. ಒಂದ್ಸಲ ಕೈಯಿಟ್ಟು ನೂಕಿ ನೋಡಿದ್ರೆ ಆಗ್ತಿತ್ತು. ನೂಕಲಿಲ್ಲ. ಬೀಗ ಇಲ್ಲ ಅಂತ ಒಬ್ರಿಗೆ ಗೊತ್ತಾದ್ರೂ ಅರಮನೆ ಪೂರಾ ಬಿದ್ದು ಹೋಗ್ತದೆ ಅಂತ ಹೆದರ್ಕೊಂಡ್ಲು. ಅಷ್ಟೇ ಕಥೆ."

ಅದೇ ನಾನು ಅಜ್ಜಿಯ ಬಾಯಿಂದ ಕೇಳಿದ ಮೊದಲನೆಯ ಕೊನೆ.

ಅವ್ವ ಅಜ್ಜಿಯನ್ನು ಬಯ್ಯುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಬಳಿ ಮಡಿಸಿಟ್ಟಿದ್ದ ಕಂಬಳಿಯನ್ನು ಹೊದ್ದುಕೊಂಡಳು, ಚಪ್ಪಲಿ ಮೆಟ್ಟಿದಳು, ಕಟ್ಟೆಯ ಕಡೆ ನಡೆದಳು. ಎದುರು ಬಂದ ಇಬ್ಬರು ಎಂದಿನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಹಿಂದೆಯೇ ಓಡಿದೆ. ಚಳಿ ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ಅವ್ವ ಚಪ್ಪಡಿಯ ಮೇಲೆ ಕೂತು ಗೋಡೆಗೆ ಹಣೆಯಿಟ್ಟಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಮೂರು ಬೆಳಿಗ್ಗೆ ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಕೂತದ್ದು ಅದೇ ಕಲ್ಲಿನ ಮೇಲೆ. ಅವಳ ಮನೆ ಅಲ್ಲಿಂದ ಅರವತ್ತು ಹೆಜ್ಜೆ.

"ಒಳಗೆ ಬಾ ಅವ್ವ" ಎಂದೆ. "ಈಗ ಒಳಗೇ ಅಳಬಹುದಲ್ಲ."

ಅವಳು ಗೋಡೆಯಿಂದ ಹಣೆ ಎತ್ತಲಿಲ್ಲ. "ಒಳಗೆ ನಂಗೆ ಅಳೋಕೆ ಬರಲ್ಲ ಕಣೆ."

ಎಷ್ಟು ಹೊತ್ತು ನಿಂತಿದ್ದೆನೋ. ಅವಳ ಅಳು ಮುಗಿದು, ಕೈ ಹಿಡಿದು ಎಬ್ಬಿಸಿಕೊಂಡು ಮನೆಯ ಕಡೆ ಹೊರಟಾಗ ಕೂಸು ಅಳುವುದು ಬೀದಿಗೆ ಕೇಳುತ್ತಿತ್ತು. ಬೇರೆ ತರದ ಅಳು, ಗಂಟಲಿನಿಂದ ಬರುವ ಒದ್ದೆ ಅಳು. ನಾವು ಅಂಗಳಕ್ಕೆ ಬರುವುದಕ್ಕೂ ಬಾಗಿಲು ಧಡಾರನೆ ತೆರೆಯುವುದಕ್ಕೂ ಸರಿಹೋಯಿತು. ಅಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಹೊರಗೆ ನುಗ್ಗುತ್ತಿದ್ದಳು. ಬೆಳಿಗ್ಗೆ ಕೇಳಿದ್ದು, ನೋಡಿದ್ದು, ಒಂದೂ ಅವಳ ತಲೆಯಲ್ಲಿ ಉಳಿದಿರಲಿಲ್ಲ. ನಮ್ಮೂರ ಯಾವ ತಾಯಿಯ ಕಾಲಾದರೂ ಅದನ್ನೇ ಮಾಡುತ್ತಿತ್ತು.

"ನೀರು ಬಂತು ಅವ್ವ, ಇವನ ಕಣ್ಣಲ್ಲಿ ನೀರು ಬಂತು" ಎನ್ನುತ್ತಿದ್ದಳು. "ದಾರಿ ಬಿಡು."

ಅವ್ವ ಹೊಸ್ತಿಲ ಮೇಲೆ ನಿಂತು ಬಾಗಿಲಿನ ಎರಡೂ ಕಡೆಯ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕ ಅವಳ ತೋಳಿನ ಕೆಳಗೆ ನುಸುಳಲು ನೋಡಿದಳು. ಅವ್ವ ಮೊಣಕಾಲು ಅಡ್ಡ ಕೊಟ್ಟಳು. ಚಳಿಗೆ ಅವಳ ಬೆರಳುಗಳು ಬಿಳಿಚಿಕೊಂಡು ಮರಕ್ಕೆ ಅಂಟಿಕೊಂಡ ಹಾಗಿದ್ದವು.

"ನಂಜುಂಡನ್ನ ನಾನು ಹೊರಗೆ ಬಿಡಲ್ಲ" ಎಂದಳು.

ಅಕ್ಕ ನಿಂತಳು. ನಾನೂ ನಿಂತೆ. ಒಳಗೆ ಅಜ್ಜಿ ಎದ್ದು ಕೂತದ್ದು ಕಂಡಿತು. ಆ ಹೆಸರು ನಮ್ಮ ಗೋಡೆಗಳ ನಡುವೆ ಬಿದ್ದದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ತಾನು ಏನು ಹೇಳಿದೆನೆಂದು ಅವ್ವನಿಗೆ ಗೊತ್ತಾಯಿತೋ ಇಲ್ಲವೋ. ಅಕ್ಕನ ಭುಜ ಹಿಡಿದು ಒಳಕ್ಕೆ ತಿರುಗಿಸಿ, ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಳು. ಕೂಸು ಮನೆಯೊಳಗೆ, ನಮ್ಮೆಲ್ಲರ ನಡುವೆ, ಕೆನ್ನೆ ಒದ್ದೆ ಮಾಡಿಕೊಂಡು ಮನಸಾರೆ ಅತ್ತಿತು. ಅದಕ್ಕೆ ಬೇರೆ ಹೆಸರಿಡುವ ಶಾಸ್ತ್ರ ನಾವು ಮಾಡಲಿಲ್ಲ.

ಆವತ್ತೇ ನಾನು ಚಪ್ಪರದಿಂದ ಅಗ್ಗಿಷ್ಟಿಕೆಯನ್ನು ಒಳಗೆ ತಂದೆ. ಮನೆಯಿಡೀ ಹೊಗೆ ತುಂಬಿ ನಾವು ನಾಲ್ವರೂ ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತೆವು. ಅವ್ವನ ಕಣ್ಣಲ್ಲೂ ಬರುತ್ತಿತ್ತು. ಇದು ಹೊಗೆ ಎಂದಳು. ಪೆಟ್ಟಿಗೆ ಮೂರನೆಯ ದಿನ ಸುಮ್ಮನಾಯಿತು. ಸೌದೆ ಸಾಲದೆ ಬಂದಾಗ ಮಂಚದ ಕಾಲು, ಕಿಟಕಿಯ ಬಾಗಿಲು, ಕೊನೆಗೆ ದೇವರ ಗೂಡಿನ ಹಲಗೆ ಎಲ್ಲವೂ ಬೆಂಕಿಗೆ ಹೋದವು. ಕಾರ್ಡನ್ನು ನಾನೇ ಹಾಕಿದೆ, ಕುಂಕುಮದ ಬೊಟ್ಟಿನ ಸಮೇತ. ಕೂಸನ್ನು ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ದಾಟಿಸುತ್ತಿದ್ದೆವು. ಅಜ್ಜಿ ಮಾತ್ರ ಬೆಂಕಿಯಿಂದ ದೂರ, ಸತ್ತ ಪೆಟ್ಟಿಗೆಯ ಕೆಳಗೆ ಹಾಸಿಗೆ ಹಾಕಿಕೊಂಡಳು. ಅವ್ವ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಆದರೆ ದಿನಾ ಬೆಳಿಗ್ಗೆ ಅವಳ ಹಾಸಿಗೆಯನ್ನು ಬೆಂಕಿಯ ಹತ್ತಿರ ಎಳೆದು ತರುವಳು. ಅವ್ವ ನೀರಿಗೆ ಹೋದ ಹೊತ್ತು ನೋಡಿ ಅಜ್ಜಿ ಮತ್ತೆ ಅಲ್ಲಿಗೇ ಎಳೆದುಕೊಂಡು ಹೋಗುವಳು. ಕೊರೆಗಾಲ ಮುಗಿಯಲು ಹನ್ನೊಂದು ದಿನವಿದ್ದಾಗ ಹಾಸಿಗೆ ಎಳೆಯಲು ಹೋದ ಅವ್ವ ಅದನ್ನು ಅಲ್ಲೇ ಬಿಟ್ಟು ನನ್ನನ್ನು ಕೂಗಿದಳು. ಅಜ್ಜಿಯನ್ನು ನಾವು ಅಂಗಳಕ್ಕೆ ಎತ್ತಿ ತರಲಿಲ್ಲ. ಒಳಗೇ ಮಲಗಿಸಿಕೊಂಡು ನಾನೂ ಅಕ್ಕನೂ ಅತ್ತೆವು. ಗೋಡೆಗೆ ಬಡಿದು ವಾಪಸು ಬರುವ ನಮ್ಮದೇ ಅಳುವಿನ ಸದ್ದಿಗೆ ನಾವೇ ಬೆಚ್ಚಿದೆವು. ಅವ್ವ ಕಂಬಳಿ ಹೊದ್ದು ಕಟ್ಟೆಗೆ ಹೋದಳು.

ಕೂಸಿನ ಎಡಗಾಲಿನ ಎರಡು ಬೆರಳು ಆ ಚಳಿಗೆ ಕಪ್ಪಾಗಿ ಉದುರಿದವು. ಮಿಕ್ಕಂತೆ ಅವನು ಉಳಿದ.

ಈಗ ಅವನಿಗೆ ಐದು ವರ್ಷ. ಉರಿಗಾಲಕ್ಕೆ ಅಜ್ಜಿಯ ಕಾಲದ ನೆಲಮಾಳಿಗೆಯ ಕಲ್ಲು ಸರಿಸಿ ಕೆಳಗಿಳಿಯುತ್ತೇವೆ, ಕೊರೆಗಾಲಕ್ಕೆ ಒಳಗೆ ಬೆಂಕಿ ಹಾಕುತ್ತೇವೆ. ಅಕ್ಕನ ಗಂಡ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದರೂ ಹುಡುಗ ಹೆಚ್ಚು ಇರುವುದು ನಮ್ಮಲ್ಲೇ. ಪೆಟ್ಟಿಗೆ ಸತ್ತ ಮನೆ ಎಂದು ಮೊದಲು ಜನ ದೂರದಿಂದ ನೋಡಿ ಹೋಗುತ್ತಿದ್ದರು. ಮರುವರ್ಷದ ಕೊರೆಗಾಲದಲ್ಲಿ ಒಂದು ದಿನ ದ್ಯಾವಮ್ಮ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ಕೂಸು ಒದ್ದೆ ಅಳು ಅಳುತ್ತಿತ್ತು. ನಿಮ್ಮದು ಹೇಗಿದ್ದರೂ ಹೋಗಿರುವ ಗ್ಯಾರಂಟಿ ಅಲ್ಲವೇ, ಕಟ್ಟೆ ಮೇಲೆ ಮಗು ನೀಲಿಗಟ್ಟುತ್ತಿದೆ, ಒಂದು ಗಳಿಗೆ ಇಲ್ಲೇ ಅಳಿಸಿಕೊಂಡು ಹೋಗಲೇ ಎಂದು ಕೇಳಿದಳು. ಅವ್ವ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲಿನಿಂದ ಸರಿದಳು. ಈಗ ನಮ್ಮ ಬೀದಿಯ ಕೂಸುಗಳೆಲ್ಲ ನಮ್ಮ ಮನೆಯಲ್ಲೇ ಅಳುವುದು. ಒಮ್ಮೊಮ್ಮೆ ನಾಲ್ಕೈದು ತಾಯಂದಿರು ಬೆಂಕಿಯ ಸುತ್ತ ಕೂತಿರುತ್ತಾರೆ. ನಾನು ಕಥೆ ಹೇಳುತ್ತೇನೆ, ಕಾಡಿನ ನಡುವೆ ನಿಂತವರನ್ನು ಒಬ್ಬೊಬ್ಬರನ್ನಾಗಿ ಕೊನೆಗೆ ಮುಟ್ಟಿಸುತ್ತೇನೆ. ಬಂದವರು ಮೂಗು ಒರೆಸಿಕೊಂಡು, ತಮ್ಮ ಮನೆಗೆ ಹೋಗುವ ಮುಂಚೆ ಎರಡು ಸಲ ರೆಪ್ಪೆ ಬಡಿದು ನೋಡಿಕೊಂಡು ಎದ್ದು ಹೋಗುತ್ತಾರೆ.

ಅವ್ವನಿಗೆ ಮಾತ್ರ ಈಗಲೂ ಒಳಗೆ ಅಳಲು ಬರುವುದಿಲ್ಲ. ಒತ್ತಿ ಬಂದಾಗ ಕಂಬಳಿ ಹೊದ್ದು ಚಪ್ಪಲಿ ಹುಡುಕುತ್ತಾಳೆ. ನಂಜುಂಡನ ಪಾಲಿಗೆ ಹೊರಗೆ ಹೋಗುವುದೆಂದರೆ ಅಂಗಡಿಗೆ ಹೋಗುವುದು. ಮೊನ್ನೆ ಅವನು ಕುಂಟುತ್ತ ಓಡಿಬಂದು ಅವಳ ಸೆರಗು ಹಿಡಿದ.

"ಅಳೋಕೆ ಹೋಗ್ತಿದೀಯಾ ಅಜ್ಜಿ? ನಂಗೇನು ತರ್ತೀಯಾ?"

ಅವ್ವ ಅವನ ತಲೆ ನೇವರಿಸಿದಳು. "ಏನೂ ಇಲ್ಲ ಕಣೋ" ಎಂದಳು. "ಬರಿಗೈಲಿ ಬರ್ತೀನಿ."